ತೂಬಿಲ್ಲದ ಕೆರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯವನ್ನು ಕಟ್ಟಿದವರ, ದಾನವಿತ್ತವರ, ಸೇವೆ ಸಲ್ಲಿಸಿ ಹೋದ ಗುರುಗಳ ನೆನಪುಗಳ ಭಂಡಾರ. ಆ ಕಾರ್ಯವನ್ನು ಈ ಸಂಚಿಕೆಯ ಇತರ ಲೇಖನಗಳು ನಮಗಿಂತ ಚೆನ್ನಾಗಿ ನೆರವೇರಿಸುತ್ತವೆ. ನಾವು ಮಾತ್ರ ಭಕ್ತಾದಿಗಳ ಅಪ್ಪಣೆ ಪಡೆದು ದೂರದೇಶದ ಒಂದು ಕೆರೆಯ ಇತಿಹಾಸವನ್ನು ಇಲ್ಲಿ ನಿರೂಪಿಸಲು ಇಚ್ಛಿಸುತ್ತೇವೆ. ಇದಕ್ಕೆ ಕಾರಣವಿದೆ. ನಮ್ಮ ಯಾಜಕ ಜೀವನದ ಬಹುಕಾಲವನ್ನು ನಾವು ಸಾವಿನ ಮನೆಗಳ ಹೊಸ್ತಿಲಲ್ಲಿ ಕಳೆದಿದ್ದೇವೆ. ಅಲ್ಲಿ ಪದೇಪದೇ ಕೇಳಿಬರುವ ಮಾತು ಒಂದೇ: "ಎಲ್ಲಾ ದೇವರ ಚಿತ್ತ, ಸ್ವಾಮಿಗಳೇ." ದುಃಖದಲ್ಲಿ ಬೆಂದವರು ಈ ಮಾತನ್ನಾಡಿದಾಗ ಅದು ವಿಶ್ವಾಸದ ಮಾತು, ನಾವು ತಲೆಬಾಗಿ ಕೇಳುತ್ತೇವೆ. ಆದರೆ ಅದೇ ಮಾತನ್ನು ಆ ಸಾವಿಗೆ ಕಾರಣರಾದವರೇ ಆಡಿದರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಅಮೆರಿಕ ದೇಶದ ಜಾನ್ಸ್‌ಟೌನ್ ಎಂಬ ಪಟ್ಟಣದ ಇತಿಹಾಸವು 1889ರಿಂದಲೂ ಕೇಳುತ್ತಲೇ ಬಂದಿದೆ.

ಪೆನ್ಸಿಲ್ವೇನಿಯ ರಾಜ್ಯದ ಕೇಂಬ್ರಿಯ ಜಿಲ್ಲೆಯು ಆಲಿಗೇನಿ ಪರ್ವತಶ್ರೇಣಿಯ ನಡುವಣ ಸೀಮೆ. ಕಥೋಲಿಕ ಧರ್ಮಸಭೆಯ ಇತಿಹಾಸದಲ್ಲಿ ಆ ಹೆಸರು ಅಪರಿಚಿತವಲ್ಲ. ರಾಜಮನೆತನದ ಸಿರಿಯನ್ನು ತೊರೆದು ಗುರುವಾದ ದೆಮೆಟ್ರಿಯಸ್ ಗ್ಯಾಲಿಟ್ಸಿನ್‌ರವರು 1799ರಲ್ಲಿ ಲೊರೆಟೊ ಎಂಬ ನೆಲೆಯನ್ನು ಸ್ಥಾಪಿಸಿ, 1840ರಲ್ಲಿ ದೈವಾಧೀನರಾಗುವವರೆಗೂ ದುಡಿದದ್ದು ಇದೇ ಜಿಲ್ಲೆಯಲ್ಲಿ. ಅದರ ಮುಖ್ಯ ಪಟ್ಟಣವಾದ ಜಾನ್ಸ್‌ಟೌನ್ ಎರಡು ನದಿಗಳು ಸಂಗಮವಾಗುವ ಇಕ್ಕಟ್ಟಾದ ಕಣಿವೆಯ ತಳದಲ್ಲಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೇಂಬ್ರಿಯ ಕಬ್ಬಿಣದ ಕಂಪನಿಯ ಕುಲುಮೆಗಳು ಅಲ್ಲಿ ಹಗಲಿರುಳು ಉರಿಯುತ್ತಿದ್ದವು. ವೇಲ್ಸ್ ಮತ್ತು ಜರ್ಮನಿಗಳಿಂದ ವಲಸೆ ಬಂದ ದುಡಿಯುವ ಜನರೇ ಅಲ್ಲಿ ಹೆಚ್ಚು. 1889ರ ವೇಳೆಗೆ ಪಟ್ಟಣವೂ ಸುತ್ತಲಿನ ಕೇರಿಗಳೂ ಸೇರಿ ಸುಮಾರು 30,000 ಮಂದಿ ಆ ಕಣಿವೆಯಲ್ಲಿ ನೆಲೆಸಿದ್ದರು.

ಪಟ್ಟಣದಿಂದ 14 ಮೈಲಿ ಮೇಲೆ, ಸೌತ್ ಫೋರ್ಕ್ ಎಂಬ ಹೊಳೆಗೆ ಅಡ್ಡಲಾಗಿ ಮಣ್ಣಿನ ಏರಿಯೊಂದಿತ್ತು. ಅದನ್ನು ಮೊದಲು ಕಟ್ಟಿದ್ದು ಲೋಕೋಪಯೋಗಕ್ಕಾಗಿಯೇ. ಫಿಲಡೆಲ್ಫಿಯ ಮತ್ತು ಪಿಟ್ಸ್‌ಬರ್ಗ್ ನಗರಗಳ ನಡುವೆ ರಾಜ್ಯ ಸರಕಾರವು ನಡೆಸುತ್ತಿದ್ದ ದೋಣಿ ಕಾಲುವೆಗೆ ಬೇಸಗೆಯಲ್ಲಿ ನೀರೊದಗಿಸಲು 1838ರಲ್ಲಿ ಕೆಲಸ ಆರಂಭವಾಯಿತು. ಹಣದ ಮುಗ್ಗಟ್ಟಿನಿಂದ ನಡುವೆ ಹಲವು ವರ್ಷ ನಿಂತು, 1850ರ ದಶಕದ ಆದಿಯಲ್ಲಿ ಅದು ಪೂರ್ಣಗೊಂಡಿತು. ಆದರೆ ಅಷ್ಟರಲ್ಲಿ ರೈಲುಮಾರ್ಗವು ಪರ್ವತವನ್ನು ದಾಟಿಯಾಗಿತ್ತು, ಕಾಲುವೆಗೆ ಕೆಲಸವಿಲ್ಲವಾಯಿತು. 1857ರಲ್ಲಿ ಸರಕಾರವು ಕಾಲುವೆಯನ್ನೂ ಕೆರೆಯನ್ನೂ ಪೆನ್ಸಿಲ್ವೇನಿಯ ರೈಲ್ವೆ ಕಂಪನಿಗೆ ಮಾರಿತು. ಕಂಪನಿಗೆ ಕೆರೆಯ ಅಗತ್ಯವೇ ಇರಲಿಲ್ಲ. ನೋಡಿಕೊಳ್ಳುವವರಿಲ್ಲದ ಏರಿಯು 1862ರಲ್ಲಿ ಒಂದೆಡೆ ಕುಸಿಯಿತು. ಆಗ ನೀರು ಕಡಿಮೆಯಿದ್ದುದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಮೇಲಿನ ಕೆರೆ ಒಡೆದರೂ ಏನೂ ಆಗದೆಂಬ ಭ್ರಮೆಯು ಕೆಳಗಿನ ಜನರಲ್ಲಿ ಬೇರೂರಲು ಆ ಘಟನೆಯೇ ಬೀಜವಾಗಿರಬಹುದು.

ನಮ್ಮ ನಾಡಿನ ಓದುಗರಿಗೆ ಕೆರೆಯ ಅಂಗಗಳನ್ನು ವಿವರಿಸಬೇಕಾಗಿಲ್ಲ. ಏರಿಯು ನೀರನ್ನು ಹಿಡಿದು ನಿಲ್ಲಿಸುತ್ತದೆ. ತೂಬು ಬೇಕಾದಾಗ ನೀರನ್ನು ಹೊರಬಿಡುತ್ತದೆ. ಕೋಡಿಯು ಹೆಚ್ಚಾದ ನೀರನ್ನು ಏರಿಯ ಮೇಲೆ ಹರಿಯಗೊಡದೆ ಪಕ್ಕದಿಂದ ಸಾಗಿಸುತ್ತದೆ. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿತೆಂದರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಸೌತ್ ಫೋರ್ಕ್ ಕೆರೆಯ ಮೂಲ ರಚನೆಯಲ್ಲಿ ಈ ಮೂರೂ ಇದ್ದವು. ಏರಿಯ ಎತ್ತರ 72 ಅಡಿ, ಉದ್ದ 900 ಅಡಿಗೂ ಮಿಗಿಲು. ಅದರ ಬುಡದಲ್ಲಿ ಕಲ್ಲಿನ ಕಮಾನಿನೊಳಗೆ ಎರಕದ ಕಬ್ಬಿಣದ 5 ಕೊಳವೆಗಳು ತೂಬಿನ ಕೆಲಸ ಮಾಡುತ್ತಿದ್ದವು. ಪಕ್ಕದ ಬಂಡೆಯನ್ನು ಕೊರೆದು ಕೋಡಿಯನ್ನು ನಿರ್ಮಿಸಲಾಗಿತ್ತು.

1875ರಲ್ಲಿ ಜಾನ್ ರೈಲಿ ಎಂಬ ರಾಜಕಾರಣಿ ಕೆರೆಯನ್ನು ಕೊಂಡರು. ನಾಲ್ಕು ವರ್ಷಗಳ ಬಳಿಕ ಅದನ್ನು ಮಾರುವ ಮುನ್ನ ಆ ಐದು ಕೊಳವೆಗಳನ್ನು ಕಿತ್ತು ಗುಜರಿಗೆ ಹಾಕಿದರು. ಕೆರೆಯು ತೂಬನ್ನು ಕಳೆದುಕೊಂಡಿತು. 1879ರಲ್ಲಿ ಅದನ್ನು ಕೊಂಡವರು ಬೆಂಜಮಿನ್ ರಫ್. ಪಿಟ್ಸ್‌ಬರ್ಗಿನ ಧನಿಕರು ಬೇಸಗೆಯಲ್ಲಿ ಹೊಗೆ ತುಂಬಿದ ನಗರವನ್ನು ಬಿಟ್ಟು ಬಂದು ಮೀನು ಹಿಡಿದು, ದೋಣಿ ನಡೆಸಿ, ತಂಗಾಳಿ ಸೇವಿಸಲೆಂದು ಅವರು 'ಸೌತ್ ಫೋರ್ಕ್ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್' ಎಂಬ ಸಂಘವನ್ನು ಕಟ್ಟಿದರು. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಮುಂದೆ ದೇಶದ ಹಣಕಾಸು ಮಂತ್ರಿಯಾದ ಆಂಡ್ರೂ ಮೆಲನ್ ಮೊದಲಾದ ಸುಮಾರು 60 ಮಂದಿ ಅದರ ಸದಸ್ಯರು. ದಡದಲ್ಲಿ 47 ಕೋಣೆಗಳ ಕ್ಲಬ್ ಭವನವೂ 16 ಬಂಗಲೆಗಳೂ ಎದ್ದವು. ಎರಡು ಮೈಲಿ ಉದ್ದದ ಕೆರೆಯಲ್ಲಿ ಹಾಯಿದೋಣಿಗಳೂ ಪುಟ್ಟ ಹಬೆದೋಣಿಗಳೂ ತೇಲಿದವು.

ಏರಿಯ ದುರಸ್ತಿಯೂ ನಡೆಯಿತು. ಆದರೆ ನಡೆದ ರೀತಿಯನ್ನು ಗಮನಿಸಬೇಕು. ಕುಸಿದ ಭಾಗವನ್ನು ಮಣ್ಣು, ಕಲ್ಲು, ಮರದ ಕೊಂಬೆ, ಹುಲ್ಲುಗಳಿಂದ ತುಂಬಿದರು. ಕಿತ್ತುಹೋದ ತೂಬಿನ ಕೊಳವೆಗಳನ್ನು ಮತ್ತೆ ಇಡಲಿಲ್ಲ. ಏರಿಯ ಮೇಲೆ ಎರಡು ಸಾರೋಟುಗಳು ಎದುರುಬದುರಾಗಿ ಹೋಗುವಂತೆ ದಾರಿಯನ್ನು ಅಗಲಗೊಳಿಸಲು ಅದರ ನೆತ್ತಿಯನ್ನು ಎರಡು ಮೂರು ಅಡಿ ಕೆತ್ತಿ ತಗ್ಗಿಸಿದರು. ದುಡ್ಡು ಕೊಟ್ಟು ತಂದು ಬಿಟ್ಟ ಮೀನುಗಳು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿಗಳನ್ನು ಕಟ್ಟಿದರು. ಸದಸ್ಯರ ಗಾಡಿಗಳು ಸುಗಮವಾಗಿ ಸಾಗಬೇಕು, ಸದಸ್ಯರ ಮೀನುಗಳು ಉಳಿಯಬೇಕು. ಇದರಲ್ಲಿ ಯಾರನ್ನೂ ಕೊಲ್ಲಬೇಕೆಂಬ ದುರುದ್ದೇಶವಿರಲಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಕೆಳಗಿನ ಕಣಿವೆಯಲ್ಲಿ ಜನರಿದ್ದಾರೆಂಬ ವಿಚಾರವು ಆ ಲೆಕ್ಕಾಚಾರದಲ್ಲಿ ಬರಲೇ ಇಲ್ಲ. ಪಾಪವು ಸದಾ ದ್ವೇಷದ ರೂಪದಲ್ಲಿಯೇ ಬರುವುದಿಲ್ಲ. ಬಹುಪಾಲು ಅದು ಮರೆವಿನ ರೂಪದಲ್ಲಿ ಬರುತ್ತದೆ.

ಎಚ್ಚರಿಸುವವರು ಇರಲಿಲ್ಲವೇ? ಇದ್ದರು. ಕೇಂಬ್ರಿಯ ಕಬ್ಬಿಣದ ಕಂಪನಿಯ ಮುಖ್ಯಸ್ಥ ಡೇನಿಯಲ್ ಮೊರೆಲ್‌ರವರು 1880ರ ನವೆಂಬರ್‌ನಲ್ಲಿ ಜಾನ್ ಫುಲ್ಟನ್ ಎಂಬ ತಜ್ಞರನ್ನು ಕಳುಹಿಸಿ ಏರಿಯನ್ನು ಪರೀಕ್ಷಿಸಿದರು. ಫುಲ್ಟನ್‌ರು ಎರಡು ಮುಖ್ಯ ದೋಷಗಳನ್ನು ಎತ್ತಿ ತೋರಿಸಿದರು: ಕೆರೆಯ ನೀರನ್ನು ಇಳಿಸಲು ತೂಬಿಲ್ಲ, ದುರಸ್ತಿಯು ಸಮರ್ಪಕವಾಗಿಲ್ಲದೆ ಏರಿಯಲ್ಲಿ ಸೋರಿಕೆಯಿದೆ. ತೂಬಿಲ್ಲದ ಮೇಲೆ ಸೋರಿಕೆಯನ್ನು ಸರಿಪಡಿಸಲು ನೀರನ್ನು ತಗ್ಗಿಸುವುದಾದರೂ ಹೇಗೆ? ರಫ್‌ರವರು ಈ ವರದಿಯನ್ನು ತಳ್ಳಿಹಾಕಿ, ಕೆಳಗಿನವರಿಗೆ ಯಾವ ಅಪಾಯವೂ ಇಲ್ಲವೆಂದು ಉತ್ತರ ಬರೆದರು. ಖರ್ಚಿನಲ್ಲಿ ಪಾಲು ಕೊಡುವೆನೆಂದು ಮೊರೆಲ್‌ರು ಮುಂದೆ ಬಂದರೂ ಕ್ಲಬ್ ಒಪ್ಪಲಿಲ್ಲ. ಕೊನೆಗೆ ಅವರು ಏರಿಯ ಮೇಲೊಂದು ಕಣ್ಣಿಡಲು ತಾವೇ ಕ್ಲಬ್ಬಿನ ಸದಸ್ಯತ್ವವನ್ನು ಕೊಂಡರು. 1885ರಲ್ಲಿ ಮೊರೆಲ್‌ರೂ 1887ರಲ್ಲಿ ರಫ್‌ರೂ ನಿಧನರಾದರು. ಎಚ್ಚರಿಸಿದವರೂ ಅಲ್ಲಗಳೆದವರೂ ಹೊರಟುಹೋದರು. ಏರಿ ಮಾತ್ರ ಇದ್ದ ಹಾಗೆಯೇ ಉಳಿಯಿತು.

1889ರ ಮೇ 30ರಂದು, ಮಡಿದ ಯೋಧರ ಸ್ಮರಣೆಯ ದಿನ, ರಾತ್ರಿ ಭಾರೀ ಮಳೆ ಹಿಡಿಯಿತು. 24 ಗಂಟೆಗಳಲ್ಲಿ 6ರಿಂದ 10 ಅಂಗುಲ ಮಳೆ ಸುರಿಯಿತೆಂದು ಅಂದಾಜು. ಮೇ 31ರ ಬೆಳಗಿನ ಹೊತ್ತಿಗೆ ಕೆರೆಯ ನೀರು ಏರಿಯ ನೆತ್ತಿಯನ್ನು ಮುಟ್ಟುವಂತೆ ಏರುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ಎಲಿಯಾಸ್ ಅಂಗರ್‌ರವರು ಕೂಲಿಗಳನ್ನು ಕಲೆಹಾಕಿ ಏರಿಯನ್ನು ಎತ್ತರಿಸಲು, ಇನ್ನೊಂದು ಕೋಡಿಯನ್ನು ಅಗೆಯಲು ಹೆಣಗಿದರು. ಮೀನಿನ ಜಾಲರಿಗಳಲ್ಲಿ ಕಸಕಡ್ಡಿ ಸಿಕ್ಕಿ ಕೋಡಿಯು ಕಟ್ಟಿಕೊಂಡಿತ್ತು. ಜಾನ್ ಪಾರ್ಕ್ ಎಂಬ ಯುವ ಇಂಜಿನಿಯರ್ ಕುದುರೆಯೇರಿ ಕೆಳಗಿನ ಸೌತ್ ಫೋರ್ಕ್ ಹಳ್ಳಿಗೆ ಧಾವಿಸಿ ತಂತಿಯ ಮೂಲಕ ಎಚ್ಚರಿಕೆ ಕಳುಹಿಸಲು ಹೇಳಿದರು. ಎಚ್ಚರಿಕೆಗಳು ಹೋದವು, ಆದರೆ ವರ್ಷವರ್ಷವೂ ಇಂಥ ಸುದ್ದಿಯನ್ನು ಕೇಳಿ ರೂಢಿಯಾಗಿದ್ದವರು ಕಿವಿಗೊಡಲಿಲ್ಲ. ಮಧ್ಯಾಹ್ನ ಸುಮಾರು ಮೂರು ಗಂಟೆಯ ವೇಳೆಗೆ ಏರಿಯು ನಡುಭಾಗದಲ್ಲಿ ಕೊಚ್ಚಿಹೋಯಿತು. ಸುಮಾರು ಎರಡು ಕೋಟಿ ಟನ್ ನೀರು ಕಣಿವೆಗೆ ಧುಮುಕಿತು.

ದಾರಿಯಲ್ಲಿದ್ದ ಹಳ್ಳಿಗಳು, ರೈಲು ಸೇತುವೆ, ಎಂಜಿನ್‌ಗಳು, ಮರಗಳು, ಮನೆಗಳು ಎಲ್ಲವೂ ಆ ಪ್ರವಾಹದ ಪಾಲಾದವು. ಜಾನ್ ಹೆಸ್ ಎಂಬ ರೈಲು ಚಾಲಕರು ತಮ್ಮ ಎಂಜಿನ್‌ನ ಸೀಟಿಯನ್ನು ಬಿಗಿಯಾಗಿ ಕಟ್ಟಿ, ಅದು ಕೂಗುತ್ತಿರುವಂತೆಯೇ ಪ್ರವಾಹದ ಮುಂದೆ ಓಡಿಸಿಕೊಂಡು ಬಂದು ಅನೇಕರ ಪ್ರಾಣ ಉಳಿಸಿದರು. ಆ ದಿನ ಜನರಿಗೆ ತಲುಪಿದ ನಿಜವಾದ ಎಚ್ಚರಿಕೆ ಅದೊಂದೇ ಎನ್ನಬಹುದು. 4 ಗಂಟೆ 7 ನಿಮಿಷಕ್ಕೆ ಜಲರಾಶಿಯು ಜಾನ್ಸ್‌ಟೌನ್ ಪಟ್ಟಣವನ್ನು ಅಪ್ಪಳಿಸಿತು. ಹತ್ತು ನಿಮಿಷಗಳಲ್ಲಿ ಪಟ್ಟಣದ ಬಹುಭಾಗ ನೆಲಸಮವಾಯಿತು. ಕೊಚ್ಚಿಬಂದ ಅವಶೇಷಗಳು ಕೆಳಗಿನ ಕಲ್ಲಿನ ರೈಲು ಸೇತುವೆಗೆ ಸಿಕ್ಕಿ 30 ಎಕರೆಯಷ್ಟು ರಾಶಿಯಾಗಿ ನಿಂತವು. ತಂತಿ ಕಾರ್ಖಾನೆಯಿಂದ ಬಂದ ಮುಳ್ಳುತಂತಿಯ ಸುರುಳಿಗಳು ಆ ರಾಶಿಯನ್ನು ಹೆಣೆದು ಬಿಗಿದವು. ಸಂಜೆ ಅದಕ್ಕೆ ಬೆಂಕಿ ಹತ್ತಿತು. ನೀರಿನಿಂದ ಪಾರಾಗಿ ಬಂದ ಎಷ್ಟೋ ಮಂದಿ ಅಲ್ಲಿ ಉರಿಯಲ್ಲಿ ಸತ್ತರು. ನಮ್ಮ ಕಥೋಲಿಕರ ಸಂತ ಜಾನ್ ಗ್ವಾಲ್ಬರ್ಟ್ ದೇವಾಲಯವೂ ಬೆಂಕಿಗೆ ಆಹುತಿಯಾಯಿತು. ಮೆಥಡಿಸ್ಟ್ ಸಭೆಯ ಕಲ್ಲಿನ ದೇವಾಲಯವೊಂದು ಅಲೆಯನ್ನು ಸೀಳಿ ನಿಂತು ತನ್ನ ಹಿಂದಿದ್ದ ಮನೆಗಳನ್ನು ಕಾಪಾಡಿತು. ಒಂದು ಉಳಿಯಿತು, ಇನ್ನೊಂದು ಬೆಂದಿತು. ಇದರಿಂದ ದೇವರು ಯಾರ ಪಕ್ಷವೆಂದು ತೀರ್ಮಾನಿಸುವುದು ಬಾಲಿಶ.

ಮಡಿದವರ ಸಂಖ್ಯೆ 2,209. ಅವರಲ್ಲಿ 396 ಮಂದಿ ಮಕ್ಕಳು. 99 ಕುಟುಂಬಗಳು ಒಬ್ಬರೂ ಉಳಿಯದಂತೆ ಅಳಿದವು. ಗುರುತು ಸಿಗದ 750ಕ್ಕೂ ಹೆಚ್ಚು ಮಂದಿಯನ್ನು ಗ್ರ್ಯಾಂಡ್‌ವ್ಯೂ ಸ್ಮಶಾನದಲ್ಲಿ ಹೆಸರಿಲ್ಲದ ಬಿಳಿಯ ಕಲ್ಲುಗಳ ಸಾಲಿನಡಿ ಮಣ್ಣುಮಾಡಲಾಯಿತು. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ಸ್ಥಾಪಕಿ ಕ್ಲಾರಾ ಬಾರ್ಟನ್‌ರವರು ಜೂನ್ 5ರಂದು ಬಂದಿಳಿದು ಐದು ತಿಂಗಳು ಅಲ್ಲಿಯೇ ನೆಲೆನಿಂತು ಸೇವೆಗೈದರು. ಸ್ವದೇಶದಿಂದಲೂ ಪರದೇಶಗಳಿಂದಲೂ 37 ಲಕ್ಷ ಡಾಲರುಗಳಿಗೂ ಮಿಗಿಲಾದ ನೆರವು ಹರಿದುಬಂತು. ಪಟ್ಟಣದ ಪುಸ್ತಕಾಲಯವನ್ನು ಕಾರ್ನೆಗಿಯವರು ಪುನಃ ಕಟ್ಟಿಸಿಕೊಟ್ಟರು. ಇಂದು ಆ ಕಟ್ಟಡವೇ ಪ್ರಳಯದ ವಸ್ತುಸಂಗ್ರಹಾಲಯ.

ಇನ್ನು ನ್ಯಾಯದ ವಿಚಾರ. ನೊಂದವರು ಕ್ಲಬ್ಬಿನ ಮೇಲೆ ದಾವೆ ಹೂಡಿದರು. ಯಾರಿಗೂ ಜಯ ದೊರೆಯಲಿಲ್ಲ. ಸಂಘಕ್ಕೆ ಸ್ವಂತ ಆಸ್ತಿಯೆಂದರೆ ಒಡೆದ ಕೆರೆಯೊಂದೇ. ಸದಸ್ಯರ ಸ್ವಂತ ಸಂಪತ್ತನ್ನು ಮುಟ್ಟಲು ಅಂದಿನ ಕಾನೂನು ಬಿಡಲಿಲ್ಲ. ಅಸಾಧಾರಣ ಮಳೆಯಿಂದಾದ ಈ ಅನಾಹುತವು 'ದೈವಕೃತ್ಯ' ಎಂದು ಎಣಿಸಲ್ಪಟ್ಟಿತು. ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘವು ತನಿಖೆ ನಡೆಸಿ 1891ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಏರಿಯನ್ನು ತಗ್ಗಿಸದಿದ್ದರೂ ಅದು ಆ ಮಳೆಗೆ ಒಡೆಯುತ್ತಿತ್ತೆಂದು ಅಭಿಪ್ರಾಯಪಟ್ಟಿತು. ಆದರೆ ಇತಿಹಾಸದ ಕಡತ ಅಲ್ಲಿಗೆ ಮುಚ್ಚಲಿಲ್ಲ. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ನೀರಿನ ಹರಿವನ್ನು ಹೊಸದಾಗಿ ಲೆಕ್ಕಹಾಕಿ ಬೇರೊಂದು ತೀರ್ಮಾನಕ್ಕೆ ಬಂದಿತು: ನೆತ್ತಿಯನ್ನು ತಗ್ಗಿಸಿದ್ದರಿಂದ ಹೆಚ್ಚುವರಿ ನೀರನ್ನು ಸಾಗಿಸುವ ಸಾಮರ್ಥ್ಯವು ಬಹಳವಾಗಿ ಕುಂದಿತ್ತು, ಮೂಲ ರಚನೆಯಂತೆಯೇ ಏರಿಯನ್ನು ಉಳಿಸಿಕೊಂಡಿದ್ದರೆ ಅದು ಆ ದಿನದ ಮಳೆಯನ್ನು ತಾಳಿಕೊಳ್ಳುತ್ತಿತ್ತು. ದೇವರ ಮೇಲೆ ಹೊರಿಸಿದ ಆರೋಪವು ನೂರಿಪ್ಪತ್ತೇಳು ವರ್ಷಗಳ ಬಳಿಕ ಗಣಿತದ ಮುಂದೆ ನಿಲ್ಲಲಿಲ್ಲ.

ಇದು ಹಳೆಯ ಕಾಲದ ಧನಿಕರ ಕಥೆಯೆಂದು ಸುಮ್ಮನಾಗುವಂತಿಲ್ಲ. ಜಾರ್ಜಿಯ ರಾಜ್ಯದ ಟೊಕೋವ ಎಂಬಲ್ಲಿ ಕ್ರೈಸ್ತ ಧರ್ಮಬೋಧಕರನ್ನು ತರಬೇತುಗೊಳಿಸುವ ಬೈಬಲ್ ಕಾಲೇಜೊಂದಿತ್ತು. ಅದರ ಆವರಣದ ಜಲಪಾತದ ಮೇಲ್ಗಡೆ ಕೆಲಿ ಬಾರ್ನ್ಸ್ ಎಂಬ ಮಣ್ಣಿನ ಏರಿಯ ಚಿಕ್ಕ ಕೆರೆಯಿತ್ತು; ಎತ್ತರ ಸುಮಾರು 40 ಅಡಿ, ನೀರಿನ ಹರವು 40 ಎಕರೆ. ಮೊದಲು ವಿದ್ಯುತ್ತಿಗಾಗಿ ಕಟ್ಟಿ ಬೆಳೆಸಿದ ಆ ಕೆರೆಯು 1957ರಿಂದ ಕೇವಲ ವಿಹಾರದ ತಾಣವಾಗಿತ್ತು. ಏರಿಯ ಹಿಂಬದಿ ತೀರ ಕಡಿದಾಗಿತ್ತು, ಅದರ ಮೇಲೆ ಮರಗಳು ಬೆಳೆದಿದ್ದವು, 1973ರ ಛಾಯಾಚಿತ್ರವೊಂದರಲ್ಲಿ ಮಣ್ಣು ಜರಿದಿರುವುದೂ ಕಾಣುತ್ತಿತ್ತು. 1977ರ ನವೆಂಬರ್ 6ರಂದು, ಭಾನುವಾರ ನಸುಕಿನ ಒಂದೂವರೆ ಗಂಟೆಗೆ, ಮಳೆಯಲ್ಲಿ ನೆನೆದ ಏರಿ ಒಡೆಯಿತು. ನಿದ್ರೆಯಲ್ಲಿದ್ದ 39 ಮಂದಿ ಪ್ರಾಣ ತೆತ್ತರು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳ ಹೆಂಡತಿ ಮಕ್ಕಳು. ಆ ಕಾಲೇಜಿನವರು ಪ್ರಾರ್ಥಿಸದವರಲ್ಲ, ಲೋಭಿಗಳಲ್ಲ. ಆದರೂ ಪ್ರಾರ್ಥನೆಯು ಏರಿಯ ದುರಸ್ತಿಗೆ ಬದಲಿಯಾಗಲಾರದು. ಈ ದುರಂತದ ನಂತರವೇ ಅಧ್ಯಕ್ಷ ಕಾರ್ಟರ್‌ರವರು ದೇಶದ ಅಪಾಯಕಾರಿ ಖಾಸಗಿ ಏರಿಗಳನ್ನು ಸೈನ್ಯದ ಇಂಜಿನಿಯರುಗಳಿಂದ ಪರೀಕ್ಷಿಸುವಂತೆ ಆಜ್ಞಾಪಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ ಇದಾಯಿತಾದರೂ, ಉಳಿದ ಕೋಟೆಗಳಿಗಾದರೂ ಅದು ಒಳಿತೇ ಆಯಿತು.

ಈ ಕಥೆಗೂ ನಮ್ಮ ದಕ್ಷಿಣ ದೇಶಕ್ಕೂ ನ್ಯಾಯಶಾಸ್ತ್ರದ ದಾರಿಯಲ್ಲಿ ಒಂದು ನಂಟಿದೆ. ಇಂಗ್ಲೆಂಡಿನಲ್ಲಿ ಗಿರಣಿ ಮಾಲಿಕ ರೈಲೆಂಡ್ಸ್‌ರ ಜಲಾಶಯದ ನೀರು ನೆರೆಯ ಫ್ಲೆಚರ್‌ರ ಗಣಿಗೆ ನುಗ್ಗಿದಾಗ, 1868ರಲ್ಲಿ ಅಲ್ಲಿನ ಉಚ್ಚ ನ್ಯಾಯಪೀಠವು ಒಂದು ಸೂತ್ರವನ್ನು ಸ್ಥಿರಪಡಿಸಿತು: ಅಪಾಯ ತರಬಲ್ಲ ವಸ್ತುವನ್ನು ತನ್ನ ಲಾಭಕ್ಕಾಗಿ ತನ್ನ ನೆಲದಲ್ಲಿ ಕೂಡಿಟ್ಟವನು, ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ ಹೊಣೆ. ಆರು ವರ್ಷಗಳ ನಂತರ, 1874ರಲ್ಲಿ, ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಯ ಮಾರ್ಗವು ಹಾಳಾದ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅಲ್ಲಿ ಜಮೀನ್ದಾರರ ಪರವಾಗಿ ತೀರ್ಪಾಯಿತು. ಭಾರತದ ಕೆರೆಗಳು ಒಬ್ಬನ ಲಾಭಕ್ಕಾಗಿ ಅಲ್ಲ, ಜನರ ಜೀವನಾಧಾರವಾಗಿ ಪುರಾತನ ಕಾಲದಿಂದ ಬಂದವು. ಅವನ್ನು ಕಾಪಾಡುವುದು ಜಮೀನ್ದಾರನ ಇಚ್ಛೆಯಲ್ಲ, ಕರ್ತವ್ಯ. ಆದ್ದರಿಂದ ರೈಲೆಂಡ್ಸ್ ಸೂತ್ರವು ಇಲ್ಲಿ ಅನ್ವಯಿಸದು ಎಂಬುದು ಅದರ ಸಾರ. ಸಂತೋಷಕ್ಕಾಗಿ ನೀರು ಕಟ್ಟುವುದಕ್ಕೂ ಅನ್ನಕ್ಕಾಗಿ ನೀರು ಕಟ್ಟುವುದಕ್ಕೂ ಇರುವ ಅಂತರವನ್ನು ಆ ನ್ಯಾಯಾಧೀಶರು ಕಂಡರು. ನಮ್ಮ ಹಿರಿಯರೂ ಅದನ್ನು ಕಂಡಿದ್ದರು. ಕೆರೆಯನ್ನು ಕಟ್ಟಿಸಿ ಕಾಪಾಡುವವರಿಗೆ 'ಬಿತ್ತುವಟ್ಟ'ವೆಂದು ಭೂಮಿ ಬಿಟ್ಟುಕೊಟ್ಟ ದಾಖಲೆಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಕಟ್ಟಿದ ದಿನವೇ ಕಾಪಾಡುವ ಖರ್ಚನ್ನೂ ಎಣಿಸಿದ ವಿವೇಕವದು.

ಜಾನ್ಸ್‌ಟೌನಿನ ಅನ್ಯಾಯವನ್ನು ಕಂಡ ಬಳಿಕ ಅಮೆರಿಕದ ಅನೇಕ ನ್ಯಾಯಾಲಯಗಳು ತಾವು ಮೊದಲು ಹಿಂಜರಿದಿದ್ದ ರೈಲೆಂಡ್ಸ್ ಸೂತ್ರದ ಕಡೆಗೆ ವಾಲಿದವೆಂದು ಕಾನೂನಿನ ಇತಿಹಾಸಕಾರರು ಹೇಳುತ್ತಾರೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1985ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ವಿಷಾನಿಲ ಸೋರಿಕೆಯ ಮೊಕದ್ದಮೆಯಲ್ಲಿ, ಅಪಾಯಕಾರಿ ಉದ್ದಿಮೆ ನಡೆಸುವವರು 'ದೈವಕೃತ್ಯ' ಮೊದಲಾದ ನೆಪಗಳ ಆಶ್ರಯವನ್ನು ಪಡೆಯುವಂತಿಲ್ಲವೆಂದು 1986ರಲ್ಲಿ ಸಾರಿತು. 2021ರಲ್ಲಿ ನಮ್ಮ ಸಂಸತ್ತು ಅಣೆಕಟ್ಟುಗಳ ಸುರಕ್ಷತೆಗಾಗಿ ಕಾಯಿದೆಯನ್ನು ಮಾಡಿತು. ಅದು 15 ಮೀಟರಿಗೂ ಎತ್ತರವಾದ ಕಟ್ಟೆಗಳಿಗೂ, ಕೆಲವು ನಿಬಂಧನೆಗಳೊಡನೆ 10ರಿಂದ 15 ಮೀಟರಿನವುಗಳಿಗೂ ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕ ಏರಿಗಳು ಆ ಕಾಯಿದೆಯ ಕೈಗೆ ಎಟುಕುವುದಿಲ್ಲ. ತೋಟದ ಕಟ್ಟೆ, ವಿಹಾರಧಾಮದ ಕೊಳ, ಸಂಸ್ಥೆಯ ಹೊಂಡ ಮುಂತಾದವುಗಳ ಕಾವಲು ಬಹುಮಟ್ಟಿಗೆ ಅವುಗಳ ಒಡೆಯರ ಮನಸ್ಸಾಕ್ಷಿಗೇ ಸೇರಿದ್ದು.

ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಸುದ್ದಿಯ ಬಗ್ಗೆ ಪ್ರಭು ಯೇಸು ಮಾತನಾಡಿದ್ದನ್ನು ಸಂತ ಲೂಕರ ಶುಭಸಂದೇಶದಲ್ಲಿ ನಾವು ಓದುತ್ತೇವೆ. ಸತ್ತವರು ಇತರರಿಗಿಂತ ಹೆಚ್ಚಿನ ಪಾಪಿಗಳೆಂಬ ಎಣಿಕೆಯನ್ನು ಅವರು ತಿರಸ್ಕರಿಸಿ, ಕೇಳುತ್ತಿದ್ದವರನ್ನೇ ಪಶ್ಚಾತ್ತಾಪಕ್ಕೆ ಕರೆದರು. ಜಾನ್ಸ್‌ಟೌನಿನ ಮಕ್ಕಳ ಪಾಲಿಗೂ ಟೊಕೋವದ ಮಕ್ಕಳ ಪಾಲಿಗೂ ಅದೇ ಮಾತು ಸಲ್ಲುತ್ತದೆ. ಮಳೆಯನ್ನು ಕಳುಹಿಸುವವನು ದೇವರು; ತೂಬನ್ನು ಕಿತ್ತು ಮಾರುವವನು, ಕೋಡಿಗೆ ಜಾಲರಿ ಕಟ್ಟುವವನು ಮನುಷ್ಯ. ಎರಡನ್ನೂ ಬೆರೆಸಿ ದೇವರ ಲೆಕ್ಕಕ್ಕೆ ಬರೆಯುವುದು ವಿಶ್ವಾಸವಲ್ಲ, ದೈವನಿಂದೆ.

ಇಂದು ಸೌತ್ ಫೋರ್ಕಿನಲ್ಲಿ ಕೆರೆಯಿಲ್ಲ. ಒಡೆದ ಏರಿಯ ಎರಡು ತುದಿಗಳು ಹುಲ್ಲು ಬೆಳೆದು ಹಾಗೆಯೇ ನಿಂತಿವೆ. ನಡುವೆ ಹಳೆಯ ಹೊಳೆ ತನ್ನಷ್ಟಕ್ಕೆ ತಾನು ಹರಿಯುತ್ತದೆ. 1964ರಲ್ಲಿ ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಬೆಂದುಹೋದ ಸಂತ ಜಾನ್ ಗ್ವಾಲ್ಬರ್ಟ್ ದೇವಾಲಯವನ್ನು ಅಲ್ಲಿನ ಭಕ್ತಾದಿಗಳು ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಅದು ಮುಂದೆ ಆ ಧರ್ಮಪ್ರಾಂತ್ಯದ ಸಹ-ಪ್ರಧಾನಾಲಯವಾಯಿತು.

ನಮ್ಮ ಹಿರಿಯರು ನಮಗೆ ಒಂದು ದೇವಾಲಯವನ್ನು ಕಟ್ಟಿಕೊಟ್ಟು ಹೋದರು. ಶಾಲೆಯ ಮಾಡು, ಗಂಟೆಗೋಪುರದ ಮರದ ತೊಲೆ, ಅಂಗಳದ ತೆರೆದ ಬಾವಿ, ಇವೆಲ್ಲವೂ ನಮ್ಮ ಏರಿಗಳೇ. ಹಬ್ಬದ ದೀಪಾಲಂಕಾರಕ್ಕೆ ಹಣ ಎತ್ತುವುದು ಸುಲಭ. ಸೋರುವ ಹೆಂಚಿಗೆ, ಬಾವಿಯ ಕಟ್ಟೆಗೆ ಹಣ ಎತ್ತುವುದು ಕಷ್ಟವೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಹಣಕಾಸು ಸಮಿತಿಯ ಸಭೆಯಲ್ಲಿ ದುರಸ್ತಿಯ ಮಾತೆತ್ತುವ ಹಿರಿಯರೊಬ್ಬರನ್ನು ಕಂಡು ನಾವು ಬೇಸರಪಟ್ಟದ್ದೂ ಉಂಟು. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ಯೋಗ್ಯ. ಮುಂದಿನ ನೂರು ವರ್ಷಗಳಲ್ಲಿ ಈ ಧರ್ಮಕೇಂದ್ರಕ್ಕೆ ಹೊಸದನ್ನು ಕಟ್ಟುವವರು ಬರುವರು, ಸಂತೋಷವೇ. ಅವರ ಜೊತೆಗೆ ಏರಿಯ ಮೇಲೆ ನಡೆದಾಡಿ ಸೋರಿಕೆ ಎಲ್ಲಿದೆಯೆಂದು ನೋಡಿ ಹೇಳುವವರನ್ನೂ, ಹೇಳಿದ್ದನ್ನು ಕೇಳುವ ಕಿವಿಯನ್ನೂ ಕರುಣಾಮಯನಾದ ದೇವರು ನಮಗೆ ದಯಪಾಲಿಸಲಿ.